ಗುಪ್ಪೆ ಎಣಿಸುವ ಲೆಕ್ಕ



ನಮ್ಮ ಮನೆ ಇರುವುದು ಕತ್ರಿಗುಪ್ಪೆಯಲ್ಲಿ. ವಾಟರ್ ಟ್ಯಾಂಕ್ ಸ್ಟಾಪಿನಲ್ಲಿ ಬಸ್ಸಿಳಿದು ಐದು ನಿಮಿಷ ನಡೆದರೆ ಸಿಗುತ್ತದೆ. ಮಹಡಿ ಮೇಲೆ ಒಂದು ಸಂಸಾರ ಬಾಡಿಗೆಗಿದೆ. ಗಂಡ, ಹೆಂಡತಿ, ಕಂಪ್ಯೂಟರ್ ಕೆಲಸದ ಮಗ, ಎಂಬತ್ತು ದಾಟಿದ ಅಜ್ಜಿ. ಒಂದು ಭಾನುವಾರ ಆ ಹುಡುಗ ಮೆಟ್ಟಿಲ ಮೇಲಿಂದಲೇ ಕೂಗಿದ. "ಅಂಕಲ್, ಒಂದ್ನಿಮಿಷ ಬನ್ನಿ, ನಿಮಗೆ ಇಷ್ಟ ಆಗೋ ಐಟಂ ತೋರಿಸ್ತೀನಿ."

ಹೋದೆ. ಚಪ್ಪಲಿ ಸ್ಟ್ಯಾಂಡಿನ ಮೇಲೆ, ಇಂಟರ್ನೆಟ್ ಮೋಡೆಮ್ಮಿನ ಪಕ್ಕದಲ್ಲಿ, ಸಾಬೂನಿನ ಡಬ್ಬಿಯಷ್ಟು ದೊಡ್ಡ ಒಂದು ಪೆಟ್ಟಿಗೆ. ಅದಕ್ಕೆ ತಗುಲಿಸಿದ ಹಾರ್ಡ್ ಡಿಸ್ಕು. ಹಸಿರು ದೀಪ ಮಿಣುಕುತ್ತಿತ್ತು. "ಇದು ಬಿಟ್‌ಕಾಯಿನ್ ನೋಡ್ ಅಂಕಲ್. ಪ್ರಪಂಚದಲ್ಲಿ ಇಂಥವು ಸಾವಿರಾರು ಇವೆ. ಒಂದು ಕೆಟ್ಟರೆ ಇನ್ನೊಂದು ಇರುತ್ತೆ. ಈ ನೆಟ್‌ವರ್ಕ್‌ನ ಯಾವನೂ ನಿಲ್ಲಿಸೋಕಾಗಲ್ಲ" ಎಂದ. ಹೊಸದಾಗಿ ಸ್ಕೂಟರ್ ಕೊಂಡವರ ಮುಖದಲ್ಲಿರುವ ಕಳೆ ಅವನ ಮುಖದಲ್ಲಿತ್ತು.

ಅಜ್ಜಿ ಅಲ್ಲೇ ನೆಲದ ಮೇಲೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ತಲೆ ಎತ್ತದೆಯೇ ಕೇಳಿದರು. "ನಮ್ಮ ಬೀದೀಲಿ ನಲ್ಲಿ ಎಷ್ಟಿವೆಯೋ?"

"ಅರವತ್ತು ಎಪ್ಪತ್ತು ಇರಬಹುದಜ್ಜಿ."

"ಟ್ಯಾಂಕು?"

"ಟ್ಯಾಂಕ್ ಒಂದೇ."

"ಹೂಂ" ಎಂದು ಅಜ್ಜಿ ಹುರುಳಿಕಾಯಿಗೆ ಮರಳಿದರು. ಇವತ್ತಿನ ನನ್ನ ಮಾತೆಲ್ಲ ಆ "ಹೂಂ" ಕುರಿತದ್ದು.

ಮೊದಲೇ ಹೇಳಿಬಿಡುತ್ತೇನೆ. ನನ್ನ ಹತ್ತಿರ ಬಿಟ್‌ಕಾಯಿನ್ ಇಲ್ಲ, ಕೊಳ್ಳಿರೆಂದು ಹೇಳಲು ಬಂದವನೂ ಅಲ್ಲ. ಜೀವಮಾನವೆಲ್ಲ ಟೆಲಿಫೋನ್ ಕೇಬಲ್ ಹಾಕಿಸಿದವನು ನಾನು. ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಎಲ್ಲಿ ತುಂಡಾದರೆ ಎಷ್ಟು ಮನೆಯ ಫೋನು ಸಾಯುತ್ತದೆ ಎನ್ನುವುದಷ್ಟೇ ನನ್ನ ವಿದ್ಯೆ. ಆದರೆ ಈ ಹೊಸ ದುಡ್ಡಿನ ಕಥೆ ಕೆದಕಿದಷ್ಟೂ ಇದು ನನ್ನ ಹಳೆಯ ಕಸುಬಿನ ಕಥೆಯೇ ಅನ್ನಿಸಿತು.

ನೋಡ್ ಎಂದರೇನು? ಹಿಂದೆ ಹಳ್ಳಿಯಲ್ಲಿ ಯಾವ ಹೊಲ ಯಾರದು, ಯಾರು ಎಷ್ಟು ಕಂದಾಯ ಕಟ್ಟಿದರು ಎನ್ನುವುದೆಲ್ಲ ಶಾನುಭೋಗರ ಕಡತದಲ್ಲಿರುತ್ತಿತ್ತು. ಕಡತ ಒಂದು, ಅದನ್ನು ಬಿಚ್ಚುವ ಕೈಯೂ ಒಂದು. ಶಾನುಭೋಗರು ಒಳ್ಳೆಯವರಾದರೆ ಊರಿಗೆ ಸುಖ. ಕಾಲ ಬದಲಾಯಿತು, ಕಡತ ಹೋಗಿ ಕಂಪ್ಯೂಟರ್ ಬಂತು, ಆದರೂ ಒಂದೇ ಕೈಯಲ್ಲಿ ಲೆಕ್ಕ ಇರುವ ಭಯ ಹೋಗಲಿಲ್ಲ. ನಮ್ಮ ಬನಶಂಕರಿ, ಬಸವನಗುಡಿ ಕಡೆಯವರಿಗೆ 2020ರ ಜನವರಿ ನೆನಪಿದೆ. ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು, ಠೇವಣಿದಾರರು ತೆಗೆಯಬಹುದಾದ ಹಣ 35,000 ರೂಪಾಯಿ ಎಂದಿತು. ನಿವೃತ್ತಿಯ ಗಂಟನ್ನು ಅಲ್ಲಿಟ್ಟು ಬಡ್ಡಿಯಲ್ಲಿ ಔಷಧಿ ಕೊಳ್ಳುತ್ತಿದ್ದ ಹಿರಿಯರು ಎಷ್ಟೋ ಮಂದಿ. ಪುಸ್ತಕದೊಳಗೆ ಏನಿದೆ ಎಂದು ಅವರಾರಿಗೂ ಮುಂಚೆ ನೋಡಲು ದಾರಿ ಇರಲಿಲ್ಲ.

ಬಿಟ್‌ಕಾಯಿನ್ ಎನ್ನುವುದು, ಆ ಬ್ಯಾಂಕಿನ ಗಲಾಟೆಗೂ ಎಷ್ಟೋ ಮುಂಚೆ, ಒಂದೇ ಕೈಯಲ್ಲಿ ಲೆಕ್ಕ ಇರುವ ಈ ಭಯಕ್ಕೆ ಉತ್ತರವಾಗಿ ಹುಟ್ಟಿದ್ದು. 2008ರ ಅಕ್ಟೋಬರ್ 31ರಂದು ಸತೋಷಿ ನಕಮೊಟೊ ಎಂಬ ಹೆಸರಿನಲ್ಲಿ ಯಾರೋ ಒಂದು ಪುಟ್ಟ ಪ್ರಬಂಧ ಹೊರಗೆ ಬಿಟ್ಟರು, 2009ರ ಜನವರಿ 3ರಂದು ಮೊದಲ ಪುಟ ಬರೆದರು. ಉಪಾಯ ಸರಳ: ಕಡತವನ್ನು ಒಬ್ಬರ ಕೈಯಲ್ಲಿಡಬೇಡಿ, ಬೇಕಾದವರೆಲ್ಲ ಪೂರ್ತಿ ನಕಲು ಇಟ್ಟುಕೊಳ್ಳಲಿ. ಸುಮಾರು ಹತ್ತು ನಿಮಿಷಕ್ಕೊಂದು ಹೊಸ ಪುಟ. ಪುಟ ಬರೆಯುವವರು ಬೇರೆ, ಅವರಿಗೆ ಮೈನರ್ ಎನ್ನುತ್ತಾರೆ. ಭಾರಿ ಯಂತ್ರ, ಭಾರಿ ಕರೆಂಟಿನ ವ್ಯವಹಾರ ಅದು. ಬರೆದದ್ದು ಸರಿಯೋ ತಪ್ಪೋ ಎಂದು ಸಾಲು ಸಾಲು ತಾಳೆ ನೋಡಿ, ತಪ್ಪಿದ್ದರೆ ಪುಟವನ್ನೇ ತಿರಸ್ಕರಿಸುವವರು ನೋಡ್‌ಗಳು. ಚಪ್ಪಲಿ ಸ್ಟ್ಯಾಂಡಿನ ಮೇಲಿನ ಪೆಟ್ಟಿಗೆಯಲ್ಲಿ 2009ರಿಂದ ಇವತ್ತಿನವರೆಗಿನ ಪ್ರತಿಯೊಂದು ವ್ಯವಹಾರ ಇದೆ, 600 ಜಿಬಿಗೂ ಹೆಚ್ಚು. ನಮ್ಮ ಮಹಡಿ ಮೇಲೆ ಇಡೀ ಜಗತ್ತಿನ ಒಂದು ಕಡತ ಕೂತಿದೆ ಎಂದರೆ ನನಗೂ ರೋಮಾಂಚನವಾಯಿತು, ಸುಳ್ಳು ಹೇಳುವುದಿಲ್ಲ.

ಈಗ ನನ್ನ ಕಸುಬಿನ ಒಂದು ಕಥೆ. ಬಹಳ ವರ್ಷದ ಹಿಂದೆ, ನಾನು ಕೆಲಸಕ್ಕಿದ್ದ ಕಡೆ, ಒಂದು ಮುಖ್ಯ ಮಾರ್ಗಕ್ಕೆ ಎರಡು ಕೇಬಲ್ ಇರಬೇಕೆಂದು ಮೇಲಿನವರ ಹುಕುಂ ಬಂತು. ಒಂದು ಹೋದರೆ ಇನ್ನೊಂದು ದುಡಿಯಬೇಕು. ಎರಡು ಕೇಬಲ್ ಎಳೆಸಿದೆವು. ನಕ್ಷೆಯಲ್ಲಿ ಎರಡು ಗೆರೆ, ಒಂದು ಕೆಂಪು, ಒಂದು ನೀಲಿ. ನೋಡಲು ಚೆಂದ. ಒಂದು ಬೆಳಿಗ್ಗೆ ಚರಂಡಿ ಕೆಲಸದ ಜೆಸಿಬಿ ಬಂದು ಒಂದೇ ಏಟಿಗೆ ಎರಡನ್ನೂ ಕತ್ತರಿಸಿತು. ಯಾಕೆಂದರೆ ಎರಡನ್ನೂ ಒಂದೇ ಗುಂಡಿಯಲ್ಲಿ ಹೂತಿದ್ದೆವು. ಎರಡು ಸಲ ರಸ್ತೆ ಅಗೆಯುವ ಖರ್ಚು ಯಾರಿಗೆ ಬೇಕಾಗಿತ್ತು? ಜಾಯಿಂಟರ್‌ಗಳು ಎರಡು ದಿನ ಗುಂಡಿಯಲ್ಲಿ ಕೂತು ಎಳೆ ಎಳೆ ಹೊಂದಿಸಿದರು. ಅವತ್ತಿನಿಂದ ಯಾರಾದರೂ "ನಮ್ಮಲ್ಲಿ ಇಷ್ಟು ಲೈನ್ ಇದೆ" ಎಂದರೆ ನಾನು ಕೇಳುವುದು ಒಂದೇ: ಗುಂಡಿ ಎಷ್ಟು?

ನಮ್ಮ ಕತ್ರಿಗುಪ್ಪೆಯ ಹೆಸರಿನಲ್ಲೇ ಇದಕ್ಕೊಂದು ಪದ ಇದೆ. ಗುಪ್ಪೆ ಎಂದರೆ ರಾಶಿ, ಒಟ್ಟಲು. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಪರಿಷೆಯಲ್ಲಿ ರಸ್ತೆಯುದ್ದಕ್ಕೂ ಕಡಲೆಕಾಯಿ ಗುಪ್ಪೆಗಳನ್ನು ನೋಡಿರುತ್ತೀರಿ. ಕಾಯಿ ಎಣಿಸುವವನು ಹುಚ್ಚ, ಗುಪ್ಪೆ ಎಣಿಸಬೇಕು. ಗುಪ್ಪೆಯನ್ನೂ ಬಲ್ಲವನು ಎಣಿಸುವ ರೀತಿ ಬೇರೆ: ಹತ್ತು ಗುಪ್ಪೆಯ ಕಾಯಿಯೂ ಒಂದೇ ಲಾರಿಯಿಂದ ಇಳಿದಿದ್ದರೆ ಅವನ ಲೆಕ್ಕಕ್ಕೆ ಅದು ಒಂದೇ. ಇಂಗ್ಲಿಷಿನಲ್ಲಿ ಡೀಸೆಂಟ್ರಲೈಸ್ಡ್ ಎನ್ನುತ್ತಾರಲ್ಲ, ಕನ್ನಡದಲ್ಲಿ ವಿಕೇಂದ್ರೀಕೃತ, ಆ ಪದದ ಭಾರಕ್ಕೇ ಜನ ಒಪ್ಪಿಬಿಡುತ್ತಾರೆ. ನನಗೆ ಗುಪ್ಪೆಯೇ ಸಾಕು. 2017ರಲ್ಲಿ ಬಾಲಾಜಿ ಶ್ರೀನಿವಾಸನ್ ಎಂಬುವವರು ಇದಕ್ಕೊಂದು ಅಳತೆಗೋಲನ್ನೇ ಮುಂದಿಟ್ಟರು, ನಕಮೊಟೊ ಕೊಎಫಿಶಿಯೆಂಟ್ ಎಂದು. ಒಂದು ಜಾಲವನ್ನು ಹಿಡಿತಕ್ಕೆ ತರಲು ಕಡಿಮೆಯೆಂದರೆ ಎಷ್ಟು ಜನ ಕೈಜೋಡಿಸಬೇಕು ಎನ್ನುವುದೇ ಆ ಸಂಖ್ಯೆ. ಸಾವಿರ ನೋಡ್ ಇದ್ದೂ ಆ ಸಂಖ್ಯೆ ಮೂರೋ ನಾಲ್ಕೋ ಇರಬಹುದು.

ಪುಟ ಬರೆಯುವವರಿಂದ ಶುರುಮಾಡೋಣ. ಮೈನರ್‌ಗಳು ಒಂಟಿಯಾಗಿ ದುಡಿದರೆ ಎಂದೋ ಒಮ್ಮೆ ಲಾಟರಿ ಹೊಡೆದ ಹಾಗೆ. ಅದಕ್ಕೆ ಚೀಟಿ ಹಾಕಿದವರಂತೆ ಕೂಡಿಕೊಂಡು ಪೂಲ್ ಕಟ್ಟುತ್ತಾರೆ. 2014ರ ಜೂನ್‌ನಲ್ಲಿ ಜಿಹ್ಯಾಶ್ ಡಾಟ್ ಐಒ ಎಂಬ ಒಂದೇ ಪೂಲಿನ ಪಾಲು ಒಟ್ಟು ಯಂತ್ರಬಲದ ಅರ್ಧ ದಾಟಿಬಿಟ್ಟಿತು. ಗಲಾಟೆಯಾಯಿತು, ಜನ ಬಿಟ್ಟುಹೋದರು, 40 ಪ್ರತಿಶತ ಮೀರುವುದಿಲ್ಲವೆಂದು ಆ ಪೂಲೇ ಮಾತು ಕೊಟ್ಟಿತು. ಈಚಿನ ವರ್ಷಗಳಲ್ಲಿ ಫೌಂಡ್ರಿ ಮತ್ತು ಆಂಟ್‌ಪೂಲ್ ಎಂಬ ಎರಡೇ ಪೂಲುಗಳು ಸೇರಿ ಅರ್ಧ ಮುಟ್ಟಿದ, ಮೀರಿದ ಕಾಲಗಳಿವೆ. ಅರ್ಧ ಮೀರಿದರೆ ಏನಾಗುತ್ತದೆ? ನಿಮ್ಮ ಗಂಟನ್ನು ಅವರು ಬಿಚ್ಚಲಾರರು, ನಿಯಮ ಮೀರಿ ಹೊಸ ನಾಣ್ಯ ಟಂಕಿಸಲಾರರು. ಅದಕ್ಕೆ ನೋಡ್‌ಗಳು ಬಿಡುವುದಿಲ್ಲ. ಆದರೆ ಕಡತದ ಕೊನೆಯ ಕೆಲವು ಪುಟಗಳನ್ನು ಹರಿದು ಬೇರೆ ಬರೆಯಬಲ್ಲರು. ಅಂಗಡಿಯಲ್ಲಿ ಕೊಟ್ಟ ದುಡ್ಡನ್ನು ಕೊಡಲೇ ಇಲ್ಲ ಎನಿಸಿ, ಅದೇ ದುಡ್ಡನ್ನು ಇನ್ನೊಂದು ಅಂಗಡಿಯಲ್ಲಿ ಕೊಡಬಲ್ಲರು. ಇದು ಬರೀ ಪುಸ್ತಕದ ಮಾತಲ್ಲ. ಇಥೀರಿಯಂ ಕ್ಲಾಸಿಕ್ ಎಂಬ ಸಣ್ಣ ಜಾಲಕ್ಕೆ 2019ರ ಜನವರಿಯಲ್ಲಿ ಹೀಗಾಯಿತು. 2020ರ ಆಗಸ್ಟ್ ಒಂದೇ ತಿಂಗಳಲ್ಲಿ ಮತ್ತೆ ಮೂರು ಸಲ ಆಯಿತು.

ದೇಶದ ಗುಪ್ಪೆಯೂ ಉಂಟು. 2021ರ ಬೇಸಿಗೆಯಲ್ಲಿ ಚೀನಾ ಮೈನಿಂಗ್ ನಿಲ್ಲಿಸಿ ಎಂದಿತು. ಜಗತ್ತಿನ ಬಿಟ್‌ಕಾಯಿನ್ ಯಂತ್ರಬಲ ಹತ್ತಿರಹತ್ತಿರ ಅರ್ಧ ಕರಗಿತು, ಹತ್ತು ನಿಮಿಷಕ್ಕೆ ಬರಬೇಕಾದ ಪುಟಗಳು ತಡವಾಗಿ ಬರತೊಡಗಿದವು, ಜುಲೈ 3ರಂದು ಪುಟ ಬರೆಯಲು ಬಿಡಿಸಬೇಕಾದ ಲೆಕ್ಕದ ಕಷ್ಟವನ್ನು ಜಾಲವೇ ಸುಮಾರು 28 ಪ್ರತಿಶತ ಇಳಿಸಿಕೊಂಡಿತು. ಚೀನಾ ಬಿಟ್ಟ ಯಂತ್ರಗಳಲ್ಲಿ ಎಷ್ಟೋ ಕಜಕಸ್ತಾನಕ್ಕೆ ಹೋದವು. ಮರುವರ್ಷ ಜನವರಿಯಲ್ಲಿ ಅಲ್ಲಿ ದಂಗೆ, ಸರ್ಕಾರ ಇಂಟರ್ನೆಟ್ಟನ್ನೇ ಕಡಿದುಹಾಕಿತು. ಬಾಣಲೆಯಿಂದ ಬೆಂಕಿಗೆ ಎನ್ನುತ್ತೇವಲ್ಲ, ಹಾಗೆ. ಆದರೂ ಜಾಲ ಬದುಕಿತು ಎನ್ನುವುದನ್ನು ಮರೆಮಾಚಬಾರದು.

ಈಗ ನೋಡ್‌ಗಳಿಗೆ ಬರುತ್ತೇನೆ, ನನಗೆ ಹೆಚ್ಚು ಸ್ವಾರಸ್ಯ ಕಂಡದ್ದು ಇಲ್ಲಿ. ಮನೆ ಮನೆಯಲ್ಲಿ ಇರಬೇಕಾದ ಪೆಟ್ಟಿಗೆಗಳು ಗುಪ್ಪೆಯಾಗುವುದು ಏಕೆ?

ಹುಡುಗನನ್ನು ಕೇಳಿದೆ, "ನಿನ್ನ ಪೆಟ್ಟಿಗೆಗೆ ಹೊರಗಿನವರು ಫೋನ್ ಮಾಡ್ತಾರೇನೋ?" ಅವನು ತಲೆ ಕೆರೆದುಕೊಂಡ. "ಇಲ್ಲ ಅಂಕಲ್, ಔಟ್‌ಗೋಯಿಂಗ್ ಮಾತ್ರ." ಮನೆ ಇಂಟರ್ನೆಟ್ ಕೊಡುವ ಕಂಪನಿಗಳ ಹತ್ತಿರ ವಿಳಾಸಗಳ ಬರ. ಹಾಗಾಗಿ ಹೊರಜಗತ್ತಿನ ಒಂದೇ ವಿಳಾಸವನ್ನು ನೂರಾರು ಮನೆಗೆ ಹಂಚಿಬಿಡುತ್ತಾರೆ. ದೊಡ್ಡ ಆಫೀಸಿನ ಹಳೆಯ ಇಂಟರ್‌ಕಾಮ್ ಇದ್ದ ಹಾಗೆ: ಸೊನ್ನೆ ಒತ್ತಿದರೆ ನಿಮಗೆ ಹೊರಗಿನ ಲೈನ್ ಸಿಗುತ್ತದೆ, ಹೊರಗಿನವರು ನೇರವಾಗಿ ನಿಮ್ಮ ಮೇಜಿಗೆ ಫೋನ್ ಮಾಡಲಾರರು. ಕತ್ರಿಗುಪ್ಪೆಯ ಪೆಟ್ಟಿಗೆ ತನ್ನ ಕಡತವನ್ನು ತಾನು ತಾಳೆ ನೋಡಿಕೊಳ್ಳುತ್ತದೆ. ಆದರೆ ಹೊಸದಾಗಿ ಸೇರುವವನೊಬ್ಬ ನಕಲು ಕೊಡಿ ಎಂದು ಇದರ ಬಾಗಿಲು ಬಡಿಯುವಂತಿಲ್ಲ. ಬಾಗಿಲು ತೆರೆದಿಟ್ಟಿರುವ ನೋಡ್‌ಗಳಿರುವುದು ಎಲ್ಲಿ? ಹಲವು ತಮ್ಮ ಊರು ತೋರಿಸದ ಟಾರ್ ಜಾಲದ ಪರದೆಯ ಹಿಂದೆ. ಉಳಿದವುಗಳಲ್ಲಿ ಬಹಳಷ್ಟು ಜರ್ಮನಿಯ ಹೆಟ್ಸ್‌ನರ್, ಫ್ರಾನ್ಸಿನ ಒವಿಎಚ್, ಅಮೆರಿಕದ ಅಮೆಜಾನ್ ಇಂಥ ಕಂಪನಿಗಳ ಬಾಡಿಗೆ ಯಂತ್ರಗಳಲ್ಲಿ. ಅಲ್ಲಿ ಕರೆಂಟ್ ಹೋಗುವುದಿಲ್ಲ, ವಿಳಾಸ ಸ್ವಂತದ್ದು, ತಿಂಗಳ ಬಾಡಿಗೆ ಕೈಗೆಟುಕುವಂಥದ್ದು. ಯಾರೂ ಪಿತೂರಿ ಮಾಡಿ ಒಂದೆಡೆ ಸೇರಿಸಿದ್ದಲ್ಲ. ಇಳಿಜಾರಿದ್ದ ಕಡೆ ನೀರು ಹರಿಯಿತು. ಎರಡು ಸಲ ರಸ್ತೆ ಅಗೆಯುವ ಖರ್ಚು ನಮಗೂ ಬೇಡವಾಗಿತ್ತಲ್ಲವೇ.

ಹೆಟ್ಸ್‌ನರ್ ಕಥೆ ಕೇಳಿ. ಸೊಲಾನಾ ಎಂಬ ಜಾಲದಲ್ಲಿ ಪುಟಕ್ಕೆ ಮುದ್ರೆ ಒತ್ತುವ ನೋಡ್‌ಗಳಿಗೆ ವ್ಯಾಲಿಡೇಟರ್ ಎನ್ನುತ್ತಾರೆ. 2022ರ ನವೆಂಬರ್ 2ರಂದು ಆ ಜರ್ಮನ್ ಕಂಪನಿ ಸೊಲಾನಾದ ನೋಡ್‌ಗಳನ್ನು ತನ್ನ ಯಂತ್ರಗಳಿಂದ ಹೊರಹಾಕಿತು. ಕ್ರಿಪ್ಟೊ ವ್ಯವಹಾರ ನಮ್ಮ ಬಾಡಿಗೆ ಕರಾರಿನಲ್ಲಿಲ್ಲ ಎನ್ನುವುದು ಅದರ ವಾದ. ಒಂದೇ ಏಟಿಗೆ ಸಾವಿರದಷ್ಟು ವ್ಯಾಲಿಡೇಟರ್‌ಗಳು ಮಾಯ, ಮತ ಹಾಕುವ ಪಾಲಿನಲ್ಲಿ ಐದನೇ ಒಂದರಷ್ಟು ಕಡಿತ. ಮೂರನೇ ಒಂದು ಭಾಗ ಹೋಗಿದ್ದರೆ ಜಾಲವೇ ನಿಲ್ಲುತ್ತಿತ್ತು. ಹ್ಯಾಕರ್ ಬೇಕಾಗಲಿಲ್ಲ, ಪೊಲೀಸರು ಬೇಕಾಗಲಿಲ್ಲ; ಮನೆ ಮಾಲೀಕರು ಖಾಲಿ ಮಾಡಿ ಎಂದರು, ಅಷ್ಟೇ. ಬೆಂಗಳೂರಿನ ಬಾಡಿಗೆದಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೋಡ್ ಎಲ್ಲಿದೆ ಎನ್ನುವುದೊಂದು ಗುಪ್ಪೆಯಾದರೆ, ಯಾವ ತಂತ್ರಾಂಶ ಓಡಿಸುತ್ತದೆ ಎನ್ನುವುದು ಇನ್ನೊಂದು. ಇಥೀರಿಯಂ ಎಂಬ ಇನ್ನೊಂದು ದೊಡ್ಡ ಜಾಲದಲ್ಲಿ ಪೆಟ್ಟಿಗೆ ಇಟ್ಟುಕೊಳ್ಳುವ ರಗಳೆ ಬೇಡವೆನ್ನುವ ಕಂಪನಿಗಳು ಇನ್‌ಫ್ಯೂರಾ ಎಂಬ ಒಂದು ಸಂಸ್ಥೆಯ ನೋಡ್‌ಗಳನ್ನು ಕೇಳಿ ಕೆಲಸ ಮಾಡುತ್ತವೆ. ಬಹಳ ಜನ ಬಳಸುವ ಮೆಟಾಮಾಸ್ಕ್ ಎಂಬ ವಾಲೆಟ್ ಕೂಡ ಹಾಗೆಯೇ. 2020ರ ನವೆಂಬರ್ 11ರಂದು ಇನ್‌ಫ್ಯೂರಾದ ನೋಡ್‌ಗಳು ಗೆತ್ ಎಂಬ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿದ್ದವು. ಹಳೆಯದರಲ್ಲೊಂದು ದೋಷವಿತ್ತು, ಹೊಸದರಲ್ಲಿ ಅದನ್ನು ಸದ್ದಿಲ್ಲದೆ ಸರಿಪಡಿಸಿದ್ದರು. ಯಾರೋ ಅರಿಯದೆ ಕಳಿಸಿದ ಒಂದು ವ್ಯವಹಾರ ಆ ದೋಷವನ್ನು ಕೆಣಕಿತು. ಹೊಸ ಗೆತ್ ಇದ್ದವರು ಒಂದು ಕಡತ ಬರೆಯುತ್ತ ಹೋದರು, ಹಳೆಯದಿದ್ದವರು ಇನ್ನೊಂದು. ಬೈನಾನ್ಸ್‌ನಂಥ ದೊಡ್ಡ ವಿನಿಮಯ ಕೇಂದ್ರಗಳೇ ಇಥೀರಿಯಂ ಹಣ ಹಿಂಪಡೆಯುವುದನ್ನು ತಡೆಹಿಡಿದವು. ಹಲವು ಗಂಟೆ ಕಾಲ, ಯಾರ ಕಡತ ನಿಜವಾದದ್ದು ಎನ್ನುವುದೇ ಪ್ರಶ್ನೆ. ಜಗತ್ತಿನ ಇಥೀರಿಯಂ ನೋಡ್‌ಗಳು ಅವತ್ತೂ ಸಾವಿರಾರು ಇದ್ದವು. ಜನ ಕೇಳುತ್ತಿದ್ದುದು ಮಾತ್ರ ಒಂದೇ ಕಿಟಕಿಯಲ್ಲಿ.

ಕಿಟಕಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. 2025ರ ಅಕ್ಟೋಬರ್ 20ರಂದು ಅಮೆರಿಕದ ವರ್ಜೀನಿಯಾದಲ್ಲಿರುವ ಅಮೆಜಾನ್ ಯಂತ್ರಾಗಾರಗಳು ಕೈಕೊಟ್ಟಾಗ ಕಾಯಿನ್‌ಬೇಸ್ ಎಂಬ ದೊಡ್ಡ ವಿನಿಮಯ ಕೇಂದ್ರವೂ ಮಂಕಾಯಿತು, ಇನ್‌ಫ್ಯೂರಾಗೂ ತಟ್ಟಿತು. ಅದೇ ದಿನ ಎಷ್ಟೋ ಸಾಮಾನ್ಯ ಆ್ಯಪ್‌ಗಳೂ ನಿಂತವು. ಸರ್ಕಾರ, ಬ್ಯಾಂಕು ಯಾರ ಹಂಗೂ ಬೇಡ ಎಂದು ಹೊರಟ ದುಡ್ಡಿಗೂ, ಮನೆಗೆ ತರಕಾರಿ ತರಿಸುವ ಆ್ಯಪ್‌ಗೂ ಗುಂಡಿ ಒಂದೇ ಆಗಿದ್ದರೆ ಏನು ಹೇಳುವುದು.

ಇನ್ನು ಬೀಗದ ಕೈಗಳ ಗುಪ್ಪೆ. ನನಗೆ ರಾತ್ರಿ ನಿದ್ದೆ ಕೆಡಿಸಿದ್ದು ಇದು. ವಿಯೆಟ್ನಾಮಿನ ಸ್ಕೈ ಮೇವಿಸ್ ಎಂಬ ಕಂಪನಿ ಒಂದು ಆಟಕ್ಕಾಗಿ ರೋನಿನ್ ಎಂಬ ಜಾಲ ಕಟ್ಟಿತ್ತು. ಅಲ್ಲಿಂದ ಇಥೀರಿಯಂಗೆ ಹಣ ದಾಟಿಸುವ ಸೇತುವೆಗೆ ಒಂಬತ್ತು ವ್ಯಾಲಿಡೇಟರ್‌ಗಳು. ಒಂಬತ್ತರಲ್ಲಿ ಐದು ಸಹಿ ಬಿದ್ದರೆ ಹಣ ಹೊರಗೆ. ಕೇಳಲು ಗಟ್ಟಿಯಾಗಿಯೇ ಇದೆ. ಆದರೆ ಒಂಬತ್ತರಲ್ಲಿ ನಾಲ್ಕು ಕೈ ಕಂಪನಿಯದ್ದೇ. ಐದನೆಯದು ಆಟಗಾರರ ಒಕ್ಕೂಟದ್ದು. 2021ರ ನವೆಂಬರ್‌ನಲ್ಲಿ ಕೆಲಸದ ಹೊರೆ ಹೆಚ್ಚಾಗಿ, "ನಮ್ಮ ಪರವಾಗಿ ನೀವೇ ಸಹಿ ಹಾಕಿ" ಎಂದು ಒಕ್ಕೂಟ ಕಂಪನಿಗೆ ಅನುಮತಿ ಕೊಟ್ಟಿತ್ತು. ಡಿಸೆಂಬರ್‌ನಲ್ಲಿ ಆ ಏರ್ಪಾಟು ಮುಗಿಯಿತು. ಅನುಮತಿಯನ್ನು ಹಿಂದಕ್ಕೆ ಪಡೆಯಲು ಮಾತ್ರ ಮರೆತರು. ಪಕ್ಕದ ಮನೆಯವರಿಗೆ ಊರಿಗೆ ಹೋಗುವಾಗ ಕೊಟ್ಟ ಬೀಗದ ಕೈ ವಾಪಸು ತೆಗೆದುಕೊಳ್ಳದ ಹಾಗೆ.

2022ರ ಮಾರ್ಚ್ 23ರಂದು ಕಳ್ಳರು ಇಥೀರಿಯಂ ಜಾಲದ ನಾಣ್ಯವಾದ ಈಥರ್ 1,73,600, ಡಾಲರಿಗೆ ಕಟ್ಟಿದ ನಾಣ್ಯ 2.55 ಕೋಟಿ ಯುಎಸ್‌ಡಿಸಿ ಹೊತ್ತೊಯ್ದರು. 60 ಕೋಟಿ ಡಾಲರಿಗೂ ಮೀರಿದ ಮೊತ್ತ. ಗೊತ್ತಾದದ್ದು ಆರು ದಿನದ ಮೇಲೆ, ಯಾರೋ ಒಬ್ಬರು ತಮ್ಮ ಹಣ ತೆಗೆಯಲು ಹೋಗಿ ಬರದಿದ್ದಾಗ. ಹಿಂದೆ ಇದ್ದದ್ದು ಉತ್ತರ ಕೊರಿಯಾದ ಲಾಜರಸ್ ಗುಂಪು ಎಂದು ಅಮೆರಿಕದ ಎಫ್‌ಬಿಐ ಹೇಳಿತು. ಒಳಗೆ ನುಸುಳಿದ ರೀತಿಯೋ, ಪತ್ರಿಕೆಗಳು ವರದಿ ಮಾಡಿದಂತೆ, ಎಂಜಿನಿಯರ್ ಒಬ್ಬರಿಗೆ ಬಂದ ಒಳ್ಳೆಯ ಸಂಬಳದ ಹೊಸ ಕೆಲಸದ ಆಫರ್ ಲೆಟರ್. ತೆರೆದರು, ಮುಗಿಯಿತು. ಒಂಬತ್ತು ಬೀಗ ಎಂದುಕೊಂಡದ್ದಕ್ಕೆ ಇದ್ದದ್ದು ಒಂದೇ ಗೊಂಚಲು.

ಕಳ್ಳರು ಉದ್ಯೋಗಿಯೊಬ್ಬರ ಮೂಲಕ ನುಸುಳಿದರು ಎಂದಾಗ ನಮ್ಮೂರಿನ ಕಿವಿ ನಿಮಿರಲೇಬೇಕು. 2025ರ ಜುಲೈ 19ರಂದು ಕಾಯಿನ್‌ಡಿಸಿಎಕ್ಸ್ ಎಂಬ ವಿನಿಮಯ ಸಂಸ್ಥೆಯಿಂದ ಸುಮಾರು 4.4 ಕೋಟಿ ಡಾಲರ್, ನಮ್ಮ ಲೆಕ್ಕದಲ್ಲಿ 370 ಕೋಟಿ ರೂಪಾಯಿಗೂ ಹೆಚ್ಚು, ಕಳುವಾಯಿತು. ಹೋದದ್ದು ಸಂಸ್ಥೆಯ ಸ್ವಂತ ಖಾತೆಯಿಂದ, ಗ್ರಾಹಕರದಲ್ಲ ಎಂದು ಸಂಸ್ಥೆ ತಿಳಿಸಿತು. ತನಿಖೆ ಬೆಂಗಳೂರಿನ ವೈಟ್‌ಫೀಲ್ಡ್ ಸೈಬರ್ ಪೊಲೀಸರದು. ದಾರಿಯಾದದ್ದು ಒಬ್ಬ ಉದ್ಯೋಗಿಯ ಆಫೀಸ್ ಲ್ಯಾಪ್‌ಟಾಪ್ ಎಂದು ಅವರು ಹೇಳಿದರು. ಇಲ್ಲಿ ಬಿಟ್‌ಕಾಯಿನ್ ಜಾಲವೂ ಮುರಿಯಲಿಲ್ಲ, ಇಥೀರಿಯಂ ಜಾಲವೂ ಮುರಿಯಲಿಲ್ಲ. ಒಂದು ಲ್ಯಾಪ್‌ಟಾಪ್ ಸಾಕಾಯಿತು.

ಅದಕ್ಕೂ ಮುಂಚಿನದೊಂದು ನೆನಪು. ತುಮಕೂರಿನಲ್ಲಿ ಬೇರು ಬಿಟ್ಟ ಯುನೊಕಾಯಿನ್ ಎಂಬ ಕ್ರಿಪ್ಟೊ ವಿನಿಮಯ ಸಂಸ್ಥೆ 2018ರ ಅಕ್ಟೋಬರ್‌ನಲ್ಲಿ ಹಳೇ ಏರ್‌ಪೋರ್ಟ್ ರಸ್ತೆಯ ಕೆಂಪ್ ಫೋರ್ಟ್ ಮಾಲ್‌ನಲ್ಲಿ ಎಟಿಎಂನಂಥ ಒಂದು ಯಂತ್ರ ನಿಲ್ಲಿಸಿತು. ಆ ವರ್ಷ ಏಪ್ರಿಲ್ 6ರಂದೇ ರಿಸರ್ವ್ ಬ್ಯಾಂಕು ಕ್ರಿಪ್ಟೊ ಸಂಸ್ಥೆಗಳೊಡನೆ ವ್ಯವಹರಿಸಬೇಡಿ ಎಂದು ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ಬ್ಯಾಂಕಿನ ದಾರಿ ಮುಚ್ಚಿದ್ದರಿಂದ ನಗದಿನ ದಾರಿ. ಕೆಲವೇ ದಿನದಲ್ಲಿ ಪೊಲೀಸರು ಯಂತ್ರ ಜಪ್ತಿ ಮಾಡಿದರು, ಸಂಸ್ಥಾಪಕರ ಬಂಧನವಾಯಿತು. ಆ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ತಳ್ಳಿಹಾಕಿತು. ಸರಿ ತಪ್ಪಿನ ವಿಚಾರ ಇಲ್ಲಿ ಬೇಡ. ಕೇಬಲ್ಲಿನವನ ಕಣ್ಣಿಗೆ ಕಂಡದ್ದಿಷ್ಟು: ಯಾರೂ ನಿಲ್ಲಿಸಲಾರರು ಎನ್ನುವ ಜಾಲದ ನಮ್ಮೂರ ತುದಿ ಒಂದು ಸುತ್ತೋಲೆಗೆ, ಒಂದು ಜೀಪಿಗೆ ನಿಂತಿತು.

ಹಾಗಾದರೆ ಗುಪ್ಪೆ ಎಂದರೆ ಕೇಡೇ? ಅಷ್ಟು ಸಲೀಸಾಗಿ ಹೇಳಲು ನನ್ನ ಕೈಲಾಗದು. 2013ರ ಮಾರ್ಚ್ 11ರ ರಾತ್ರಿ ಬಿಟ್‌ಕಾಯಿನ್ನೇ ಇಬ್ಭಾಗವಾಗಿತ್ತು. ತಂತ್ರಾಂಶದ 0.8 ಆವೃತ್ತಿ ಒಪ್ಪಿದ ಒಂದು ಪುಟವನ್ನು 0.7 ಒಪ್ಪಲಿಲ್ಲ, ಎರಡು ಕಡತ ಬೆಳೆಯತೊಡಗಿದವು. ಬಿಟಿಸಿ ಗಿಲ್ಡ್ ಎಂಬ ದೊಡ್ಡ ಪೂಲಿನ ಯಜಮಾನರು ತಮಗೆ ನಷ್ಟವಾದರೂ ಸರಿ ಎಂದು 0.7ಕ್ಕೆ ಮರಳಿದರು. ಕೆಲವೇ ಗಂಟೆಗಳಲ್ಲಿ ಕಡತ ಮತ್ತೆ ಒಂದಾಯಿತು. ಆ ಯಂತ್ರಬಲ ಸಾವಿರ ಮಂದಿಯಲ್ಲಿ ಹಂಚಿಹೋಗಿದ್ದರೆ ಆ ಹೊತ್ತಿನಲ್ಲಿ ಯಾರು ಯಾರನ್ನು ಎಬ್ಬಿಸಿ ಒಪ್ಪಿಸುತ್ತಿದ್ದರು? ಗುಪ್ಪೆಯ ಯಜಮಾನ ಅವತ್ತು ಒಳ್ಳೆಯವನಾಗಿದ್ದ. ಶಾನುಭೋಗರ ವಿಷಯದಲ್ಲೂ ನಾವು ಹೇಳಿದ್ದು ಅದೇ.

ಅಷ್ಟೇಕೆ, ನಾನೀಗ ಮಾತಾಡುತ್ತಿರುವ ಬಾನುಲಿಯೂ ಒಂದು ಗುಪ್ಪೆಯೇ. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಪ್ರಸಾರ ಶುರುಮಾಡಿದಾಗಿನಿಂದಲೂ ಮಾತಾಡುವ ಕಂಬ ಒಂದು, ಕೇಳುವ ಪೆಟ್ಟಿಗೆ ಸಾವಿರ. ಬಾನುಲಿ ಅದನ್ನು ಮುಚ್ಚಿಡಲಿಲ್ಲ ಎನ್ನುವುದು ಬೇರೆ ಮಾತು.

ಜಾಲ ಕಟ್ಟಿದವರು ಕಣ್ಣುಮುಚ್ಚಿ ಕೂತಿಲ್ಲ. 2015ರಲ್ಲಿ ಬಾಸ್ಟನ್ ಮತ್ತು ಹೀಬ್ರೂ ವಿಶ್ವವಿದ್ಯಾಲಯಗಳ ಸಂಶೋಧಕರು ಗ್ರಹಣದ ದಾಳಿ ಎಂಬುದನ್ನು ತೋರಿಸಿದರು. ಒಂದು ನೋಡ್ ಮಾತಾಡುವ ಎಲ್ಲ ಲೈನ್‌ಗಳನ್ನೂ ಕಳ್ಳನೇ ತುಂಬಿಕೊಂಡರೆ, ಅದು ಕಾಣುವುದು ಕಳ್ಳ ತೋರಿಸಿದ ಲೋಕವನ್ನೇ. ರಾಹುವಿನ ಬಾಯಿಯಲ್ಲಿದ್ದವನಿಗೆ ಹಗಲು ಹೇಗೆ ಗೊತ್ತಾದೀತು? ಬಿಟ್‌ಕಾಯಿನ್ ತಂತ್ರಾಂಶ ಬರೆಯುವವರು ಅವರ ಸಲಹೆಗಳಲ್ಲಿ ಹಲವನ್ನು ಅಳವಡಿಸಿಕೊಂಡರು. ಪೆಟ್ಟಿಗೆ ತಾನಾಗಿ ಹೊರಗೆ ಮಾಡುವ ಹತ್ತು ಕರೆಗಳೂ ಬೇರೆ ಬೇರೆ ಬಡಾವಣೆಯ ವಿಳಾಸಕ್ಕೇ ಹೋಗಬೇಕೆಂಬ ನಿಯಮ ಅದರಲ್ಲಿದೆ. ಬಡಾವಣೆ ಬೇರೆಯಾದರೂ ಮಾಲೀಕ ಒಬ್ಬನೇ ಇರಬಹುದಲ್ಲ ಎಂದು 2020ರಲ್ಲಿ ಯಾವ ವಿಳಾಸ ಯಾವ ಕಂಪನಿಯದು ಎಂಬ ನಕ್ಷೆ ಬಳಸುವ ಸೌಲಭ್ಯವನ್ನೂ ಸೇರಿಸಿದರು. ಅದನ್ನು ನಾವೇ ಹೇಳಿ ಹಾಕಿಸಿಕೊಳ್ಳಬೇಕು. ಗುಂಡಿ ಎಷ್ಟು ಎಂದು ಕೇಳಲು ಕಲಿತ ತಂತ್ರಾಂಶ. ನಮ್ಮ ಕಾಲದಲ್ಲಿ ಇದ್ದಿದ್ದರೆ ಎನ್ನಿಸಿತು.

ಮೊನ್ನೆ ಮಳೆ ಬಂದು ಕರೆಂಟ್ ಹೋಗಿ, ಎರಡು ಗಂಟೆಯ ಮೇಲೆ ಬಂತು. ಹುಡುಗ ಮತ್ತೆ ಕರೆದ. ಪೆಟ್ಟಿಗೆ ಎದ್ದು ಕೂತು, ತಪ್ಪಿಹೋದ ಹನ್ನೆರಡು ಹದಿಮೂರು ಪುಟಗಳನ್ನು ಕೇಳಿ ತರಿಸಿಕೊಳ್ಳುತ್ತಿತ್ತು. ಯಾರನ್ನು ಕೇಳುತ್ತಿದೆ ಎನ್ನುವ ಪಟ್ಟಿ ಲ್ಯಾಪ್‌ಟಾಪಿನಲ್ಲಿ. "ಮರೀ, ನಿನ್ನ ಮೊಬೈಲಲ್ಲಿರೋ ವಾಲೆಟ್ ಆ್ಯಪ್ ಕೂಡ ಇದನ್ನೇ ಕೇಳುತ್ತೆ ತಾನೆ?" ಎಂದೆ, ಸುಮ್ಮನೆ. ಅವನು ಸೆಟ್ಟಿಂಗ್ ತೆರೆದು ನೋಡಿದ. ನೋಡಿದವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಇಲ್ಲ ಅಂಕಲ್. ಆ್ಯಪ್ ಕಂಪನಿ ಸರ್ವರ್ ಕೇಳ್ತಿದೆ." ಪೂರ್ತಿ ಕಡತ ಎರಡು ಗೇಣು ದೂರದಲ್ಲಿದೆ, ಫೋನು ಅದನ್ನು ಬಿಟ್ಟು ಸಮುದ್ರದಾಚೆಯ ಶಾನುಭೋಗರನ್ನು ಕೇಳುತ್ತಿದೆ. ಅವನೊಬ್ಬನೇ ಅಲ್ಲ, ಬಹುಪಾಲು ಜನರ ಕಥೆ ಇಷ್ಟೇ.

ಆಮೇಲೆ ಇಬ್ಬರೂ ಕೂತು ಪಟ್ಟಿ ಓದಿದೆವು. ಹತ್ತು ಸಾಲು. ಮೂರಕ್ಕೆ ಊರಿಲ್ಲ, ಟಾರ್‌ನವು. ಉಳಿದ ಏಳರ ವಿಳಾಸ ಯಾರದೆಂದು ಒಂದೊಂದಾಗಿ ಹುಡುಕಿದ. ಜರ್ಮನಿ ಒಂದು, ಫಿನ್ಲೆಂಡ್ ಒಂದು. ಊರು ಬೇರೆ, ಎರಡರ ಬಾಡಿಗೆ ಕಟ್ಟಡವೂ ಒಂದೇ ಕಂಪನಿಯದು. ಅವನು ಪೆನ್ಸಿಲ್ ತೆಗೆದುಕೊಂಡು ಹಳೆಯ ಕರೆಂಟ್ ಬಿಲ್ಲಿನ ಹಿಂದೆ ಆ ಎರಡನ್ನೂ ಸೇರಿಸಿ ಒಂದು ಸುತ್ತು ಹಾಕಿದ. ಮುಂದಿನದನ್ನು ಹುಡುಕುವಷ್ಟರಲ್ಲಿ ಒಳಗಿನಿಂದ ಅಜ್ಜಿಯ ದನಿ ಬಂತು.

"ಕಾವೇರಿ ನೀರು ಬಿಟ್ಟಿದ್ದಾರೆ, ಸಂಪು ತುಂಬಿರಬೇಕು ಕಣೋ. ಹೋಗಿ ಮೋಟಾರ್ ಹಾಕು. ಆ ಪಟ್ಟಿ ಆಮೇಲೆ ಓದೀಯಂತೆ."

ಸುತ್ತು ಹಾಕಿದ ಕಾಗದವನ್ನು ಪೆಟ್ಟಿಗೆಯ ಕೆಳಗೆ ಸಿಕ್ಕಿಸಿ ಅವನು ಮೆಟ್ಟಿಲಿಳಿದ.